ಜಗತ್ತನ್ನು ಹದಿನೈದು ಅಂಕಗಳಿಗೆ ಇಳಿಸಿದವರು

'ಅಂತಾರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ಅರ್ಥ, ಸ್ವರೂಪ ಮತ್ತು ವ್ಯಾಪ್ತಿಯನ್ನು ವಿವರಿಸಿರಿ.' ನಮ್ಮ ಕಾಲೇಜುಗಳ ರಾಜ್ಯಶಾಸ್ತ್ರದ ಪ್ರಶ್ನೆಪತ್ರಿಕೆಗಳನ್ನು ಬಲ್ಲ ಯಾರಿಗೂ ಈ ಮಾದರಿಯ ವಾಕ್ಯದ ಪರಿಚಯವಿರುತ್ತದೆ. ವಿಷಯದ ಹೆಸರು ಬದಲಾಗಬಹುದು. ಅರ್ಥ, ಸ್ವರೂಪ, ವ್ಯಾಪ್ತಿ ಎಂಬ ಮೂರು ಪದಗಳು ಮಾತ್ರ ಬದಲಾಗುವುದಿಲ್ಲ. ಈ ಪ್ರಶ್ನೆಗೆ ಉತ್ತರ ಬರೆಯಲು ಜಗತ್ತನ್ನು ತಿಳಿಯಬೇಕಾದ ಅಗತ್ಯವೇ ಇಲ್ಲ. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಗೈಡಿನ ನಾಲ್ಕು ಪುಟಗಳು ಸಾಕು. ಪರೀಕ್ಷೆಯ ಹಿಂದಿನ ರಾತ್ರಿ ಕಂಠಪಾಠ ಮಾಡಿದರೆ ಹದಿನೈದಕ್ಕೆ ಹತ್ತು ಅಂಕಗಳು ಖಾತ್ರಿ.

ಆರ್.ಟಿ. ನಗರದ ಬಾಡಿಗೆ ಮನೆಯೊಂದರಿಂದ ಕಾಲೇಜಿಗೆ ಹೋಗುವ ಓರ್ವ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಅವಳ ಚಿಕ್ಕಪ್ಪ ರಿಯಾದಿನಲ್ಲಿ ಚಾಲಕ. ಅಜ್ಜನ ಮನೆ ಶಿಡ್ಲಘಟ್ಟದಲ್ಲಿ. ಅಲ್ಲಿ ಮೂರು ತಲೆಮಾರುಗಳಿಂದ ರೇಷ್ಮೆ ನೂಲು ತೆಗೆಯುವ ಕಸುಬು. ಅತ್ತಿಗೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಅಮೆರಿಕಕ್ಕೆ ಹೋಗುವ ಅಂಗಿಗಳಿಗೆ ಕಾಲರ್ ಹೊಲಿಯುತ್ತಾಳೆ. ಅಣ್ಣ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನಕ್ಕೆ ನಾಲ್ಕು ಬಾರಿ ವಿಮಾನ ನಿಲ್ದಾಣದ ಟ್ಯಾಕ್ಸಿ ಓಡಿಸುತ್ತಾನೆ. ಜಗತ್ತಿನ ಅರ್ಥವ್ಯವಸ್ಥೆಯ ನಾಲ್ಕು ಕೊಂಡಿಗಳು ಅವಳ ಮನೆಯಲ್ಲೇ ಒಂದೇ ದಸ್ತರ್‌ಖಾನಿನ ಸುತ್ತ ಕುಳಿತು ಊಟ ಮಾಡುತ್ತಿವೆ. ಆದರೆ ತಾನು ಓದುತ್ತಿರುವ ವಿಷಯ ಇದೇ ಎಂದು ಆಕೆಗೆ ಯಾರೂ ಹೇಳಿಲ್ಲ. ಆಕೆ ಅರ್ಥ, ಸ್ವರೂಪ ಮತ್ತು ವ್ಯಾಪ್ತಿಯನ್ನು ಬರೆದು, ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿ, ಏನೊಂದೂ ತಿಳಿಯದೆ ಹೊರಬರುತ್ತಾಳೆ. ಇದು ಆ ಹುಡುಗಿಯ ಸೋಲಲ್ಲ. ಅವಳಿಗೆ ಹಾಗೆ ಕಲಿಸಿದ, ಹಾಗೆ ಪರೀಕ್ಷಿಸಿದ ವ್ಯವಸ್ಥೆಯ ಸೋಲು. ನಾವು ಇದನ್ನು ಶೈಕ್ಷಣಿಕ ವಂಚನೆ ಎಂದು ಕರೆಯಬಯಸುತ್ತೇವೆ.

ಅಷ್ಟಕ್ಕೂ ಈ ವಿಷಯ ಹುಟ್ಟಿದ್ದಾದರೂ ಏಕೆ? ಅರ್ಥಶಾಸ್ತ್ರಜ್ಞರು ಅಧಿಕಾರದ ಬಗ್ಗೆ ಮಾತಾಡುತ್ತಿರಲಿಲ್ಲ, ರಾಜ್ಯಶಾಸ್ತ್ರಜ್ಞರು ಮಾರುಕಟ್ಟೆಯ ಬಗ್ಗೆ ಮಾತಾಡುತ್ತಿರಲಿಲ್ಲ. ಇಬ್ಬರೂ ಪರಸ್ಪರರನ್ನು ಕಡೆಗಣಿಸಿದ್ದಾರೆಂದು 1970ರಲ್ಲಿ ಆಕ್ಷೇಪವೆತ್ತಿದವರು ಬ್ರಿಟನ್ನಿನ ಸೂಸನ್ ಸ್ಟ್ರೇಂಜ್. ಅವರು ಪತ್ರಿಕೋದ್ಯಮದಿಂದ ವಿದ್ವತ್ತಿಗೆ ಬಂದವರು. 1988ರ ತಮ್ಮ ಗ್ರಂಥದಲ್ಲಿ ಅವರು ಭದ್ರತೆ, ಉತ್ಪಾದನೆ, ಹಣಕಾಸು ಮತ್ತು ಜ್ಞಾನ ಎಂಬ ನಾಲ್ಕು ನೆಲೆಗಳಲ್ಲಿ ಅಧಿಕಾರವು ಹೇಗೆ ಕೆಲಸ ಮಾಡುತ್ತದೆಂದು ತೋರಿಸಿದರು. ಎಲ್ಲ ವ್ಯವಸ್ಥೆಗಳ ಮುಂದೆಯೂ ಅವರು ಇಡುತ್ತಿದ್ದ ಪ್ರಶ್ನೆ ಸರಳವಾದುದು: ಇದರಿಂದ ಯಾರಿಗೆ ಲಾಭ? ಅದಕ್ಕೆ ಇನ್ನೆರಡನ್ನು ನಾವು ಸೇರಿಸಬಹುದು: ಬೆಲೆ ತೆರುವವರು ಯಾರು? ನಿಯಮ ಬರೆದವರು ಯಾರು? ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತ ವಿದ್ಯಾರ್ಥಿ ಈ ವಿಷಯವನ್ನು ಕಲಿತಿದ್ದಾನೆ. ಕೇಳಲು ಕಲಿಯದವನು ಎಷ್ಟೇ ಅಂಕ ಗಳಿಸಿರಲಿ, ಕಲಿತಿಲ್ಲ.

ಪಾಠ ನಡೆಯುವ ರೀತಿಗೆ ಒಂದು ಉದಾಹರಣೆ ಕೊಡೋಣ. ಡೇವಿಡ್ ರಿಕಾರ್ಡೋ 1817ರಲ್ಲಿ ಮಂಡಿಸಿದ ತುಲನಾತ್ಮಕ ಅನುಕೂಲದ ಸಿದ್ಧಾಂತವು ಎಲ್ಲ ಪಠ್ಯಕ್ರಮಗಳಲ್ಲೂ ಇದೆ. ಇಂಗ್ಲೆಂಡ್ ಬಟ್ಟೆ ನೇಯಲಿ, ಪೋರ್ಚುಗಲ್ ದ್ರಾಕ್ಷಾರಸ ತಯಾರಿಸಲಿ, ಇಬ್ಬರೂ ವಿನಿಮಯ ಮಾಡಿಕೊಂಡರೆ ಇಬ್ಬರಿಗೂ ಲಾಭ. ವಿದ್ಯಾರ್ಥಿ ಇದನ್ನು ಕೋಷ್ಟಕ ಸಮೇತ ಬರೆಯುತ್ತಾನೆ. ಆದರೆ ಆ ಎರಡು ದೇಶಗಳ ಮಧ್ಯೆ 1703ರಲ್ಲೇ ಮೆಥ್ಯುಯೆನ್ ಒಪ್ಪಂದ ನಡೆದಿತ್ತು. ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆಬಟ್ಟೆಗೆ ತನ್ನ ಮಾರುಕಟ್ಟೆಯನ್ನು ತೆರೆದಿತ್ತು, ಪ್ರತಿಯಾಗಿ ಅದರ ದ್ರಾಕ್ಷಾರಸಕ್ಕೆ ಇಂಗ್ಲೆಂಡಿನಲ್ಲಿ ಸುಂಕದ ರಿಯಾಯಿತಿ ಸಿಕ್ಕಿತ್ತು ಎಂಬುದನ್ನು ಎಷ್ಟು ತರಗತಿಗಳಲ್ಲಿ ಹೇಳಲಾಗುತ್ತದೆ? ಮಾರುಕಟ್ಟೆಯ ಸಹಜ ವಿನಿಮಯವೆಂದು ತೋರುವುದರ ಹಿಂದೆ ರಾಜಕೀಯದ ಸಹಿ ಇರುತ್ತದೆ ಎಂಬುದೇ ಈ ವಿಷಯದ ಮೊದಲ ಪಾಠ. ಅದನ್ನೇ ಬಿಟ್ಟು ಕೋಷ್ಟಕವನ್ನು ಮಾತ್ರ ಕಲಿಸಿದರೆ ಉಳಿಯುವುದು ಅಂಕಗಣಿತ.

ಪೋರ್ಚುಗಲ್ ದೂರವಾಯಿತೆನ್ನುವವರು ಯಲಹಂಕದಿಂದ ಹೊರಟು ನೋಡಲಿ. ಒಂದು ದಾರಿ ದೊಡ್ಡಬಳ್ಳಾಪುರಕ್ಕೆ ಹೋಗುತ್ತದೆ. ಅಲ್ಲಿ ರೇಷ್ಮೆ ನೇಯುವ ವಿದ್ಯುತ್ ಮಗ್ಗಗಳಿವೆ. ಇನ್ನೊಂದು ದಾರಿ ದೇವನಹಳ್ಳಿ, ವಿಜಯಪುರಗಳನ್ನು ದಾಟಿ ಶಿಡ್ಲಘಟ್ಟಕ್ಕೆ ಹೋಗುತ್ತದೆ. ಅಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಯಿದೆ, ನೂಲು ಬಿಚ್ಚುವ ರೀಲರುಗಳ ಮನೆಗಳಿವೆ. ಈ ರೀಲರುಗಳಲ್ಲಿ ನಮ್ಮ ಸಮುದಾಯದವರ ಸಂಖ್ಯೆ ದೊಡ್ಡದು. ಗೂಡು ಬೆಳೆಯುವ ರೈತರು ಬಹುತೇಕ ಒಕ್ಕಲಿಗರು ಮತ್ತು ಇತರ ಸಮುದಾಯದವರು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಯಿತು. ಗೂಡಿನ ಬೆಲೆ ಕುಸಿಯಿತು, ರೈತರು ಬೀದಿಗಿಳಿದರು. 2013ರ ಬಜೆಟ್ ಸುಂಕವನ್ನು ಶೇ. 15ಕ್ಕೆ ಏರಿಸಿತು. ನಂತರ ಅದು ಮತ್ತೆ ಇಳಿದು, 2021ರ ಬಜೆಟ್‌ನಲ್ಲಿ ಶೇ. 10ರಿಂದ ಶೇ. 15ಕ್ಕೆ ಪುನಃ ಏರಿತು.

ಇಲ್ಲಿ ನ್ಯಾಯ ಯಾವುದು? ಶಿಡ್ಲಘಟ್ಟದ ರೀಲರಿಗೂ ಬೆಳೆಗಾರನಿಗೂ ಸುಂಕ ಬೇಕು. ಅಗ್ಗದ ನೂಲು ಬಯಸುವ ನೇಕಾರನಿಗೆ, ಅವನು ದೊಡ್ಡಬಳ್ಳಾಪುರದವನಿರಲಿ, ಬನಾರಸಿನ ಮುಸ್ಲಿಮ್ ನೇಕಾರನಿರಲಿ, ಅದೇ ಸುಂಕ ಭಾರ. ಸೀರೆ ಕೊಳ್ಳುವವಳ ಲೆಕ್ಕ ಮತ್ತೊಂದು. ಚೀನಾದಲ್ಲಿ ಅದೇ ನೂಲು ತೆಗೆಯುವ ಕಾರ್ಮಿಕನ ಬಾಳೂ ಇದರಲ್ಲಿದೆ. ದೆಹಲಿಯಲ್ಲಿ ಬಜೆಟ್ ಪುಸ್ತಕದ ಒಂದು ಸಾಲಿನಲ್ಲಿರುವ ಒಂದು ಅಂಕಿ ಅಕ್ಕಪಕ್ಕದ ಜಿಲ್ಲೆಗಳ ಎರಡು ಪಟ್ಟಣಗಳನ್ನು ಎದುರು ಬದುರು ನಿಲ್ಲಿಸುತ್ತದೆ. ಇವುಗಳಲ್ಲಿ ಶಿಡ್ಲಘಟ್ಟವು ಕೋಲಾರ, ಚಿಕ್ಕಬಳ್ಳಾಪುರಗಳನ್ನು ಒಳಗೊಂಡು 2017ರಲ್ಲಿ ಕಾರ್ಯಾರಂಭಿಸಿದ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿದೆ. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಲಂಡನ್ನಿನ ಪ್ರಾಧ್ಯಾಪಕ ತಯಾರಿಸಿಕೊಡಬಲ್ಲ? ಮೇಲಿನ ಐದು ಅಂಕಿಗಳನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿ, 'ನೀವು ವಿತ್ತ ಸಚಿವರಾಗಿದ್ದರೆ ಸುಂಕವನ್ನು ಎಷ್ಟಕ್ಕೆ ನಿಗದಿಪಡಿಸುತ್ತಿದ್ದಿರಿ? ನಿಮ್ಮ ತೀರ್ಮಾನದಿಂದ ನಷ್ಟಹೊಂದುವವರಿಗೆ ಏನುತ್ತರ ಕೊಡುತ್ತೀರಿ?' ಎಂದು ಕೇಳಿದರೆ ಯಾವ ಗೈಡೂ ನೆರವಿಗೆ ಬರಲಾರದು. ರಿಕಾರ್ಡೋನನ್ನು ಅರ್ಥಮಾಡಿಕೊಂಡವನು ಮಾತ್ರ ಉತ್ತರಿಸಬಲ್ಲ, ಬಾಯಿಪಾಠ ಮಾಡಿದವನಲ್ಲ.

ರೇಷ್ಮೆಯೊಂದೇ ಅಲ್ಲ. ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಗುಲಾಬಿ ಈರುಳ್ಳಿಯನ್ನು ನಮ್ಮ ಮನೆಗಳಲ್ಲಿ ಬಳಸುವುದು ಕಡಿಮೆ. ಅದು ಮಲೇಷ್ಯಾ, ಸಿಂಗಾಪುರಗಳಿಗಾಗಿ ಬೆಳೆಯುವ ಬೆಳೆ. 2015ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ನಾಸಿಕದ ಈರುಳ್ಳಿಯ ಬೆಲೆ ಏರಿದಾಗಲೆಲ್ಲ ಕೇಂದ್ರ ಸರಕಾರವು ರಫ್ತಿಗೆ ಬೀಗ ಹಾಕುತ್ತದೆ. ನಗರದ ಗ್ರಾಹಕನ ಮತ ಅದಕ್ಕೆ ಮುಖ್ಯ. ಆ ಬೀಗ ಗುಲಾಬಿ ಈರುಳ್ಳಿಯ ಮೇಲೂ ಬೀಳುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ನಿಷೇಧ ಬಂತು. ಒಂದು ತಿಂಗಳ ಬಳಿಕ 9 ಸಾವಿರ ಟನ್ನುಗಳಷ್ಟನ್ನು ಚೆನ್ನೈ ಬಂದರಿನ ಮೂಲಕ ಕಳುಹಿಸಲು ವಿನಾಯಿತಿ ಸಿಕ್ಕಿತು. 2023ರ ಆಗಸ್ಟ್‌ನಲ್ಲಿ ಶೇ. 40ರ ರಫ್ತು ಸುಂಕ ಬಂತು. ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬಿ ಈರುಳ್ಳಿಗೆ ವಿನಾಯಿತಿ. ಡಿಸೆಂಬರ್‌ನಲ್ಲಿ ಮತ್ತೆ ರಫ್ತು ನಿಷೇಧ. ಯಶವಂತಪುರದ ಎಪಿಎಂಸಿ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲಿಗೂ ಈ ಅಧಿಸೂಚನೆಗಳ ಬಿಸಿ ತಟ್ಟುತ್ತದೆ. ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುವ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ 'ರಫ್ತು ನಿಯಂತ್ರಣ' ಎಂದರೆ ಎರಡು ಅಂಕಗಳ ಟಿಪ್ಪಣಿ.

ಅದೇ ಯಶವಂತಪುರದ ಪಕ್ಕದಲ್ಲಿ ಮೆಟ್ರೋ ನಿಲ್ದಾಣವೊಂದಕ್ಕೆ ಸ್ಯಾಂಡಲ್ ಸೋಪ್ ಕಾರ್ಖಾನೆಯ ಹೆಸರಿದೆ. ದಿನವೂ ಸಾವಿರಾರು ವಿದ್ಯಾರ್ಥಿಗಳು ಆ ಹೆಸರನ್ನು ಕೇಳಿಸಿಕೊಂಡು ಇಳಿಯುತ್ತಾರೆ. ಮೊದಲ ಮಹಾಯುದ್ಧವು ಯುರೋಪಿನ ಮಾರುಕಟ್ಟೆಯನ್ನು ಮುಚ್ಚಿ ಮೈಸೂರಿನ ಗಂಧದ ಮರ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಆಡಳಿತವು ಮರವನ್ನು ಕಚ್ಚಾವಸ್ತುವಾಗಿ ಮಾರುವ ಬದಲು ಎಣ್ಣೆಯನ್ನೂ ನಂತರ ಸಾಬೂನನ್ನೂ ಇಲ್ಲೇ ತಯಾರಿಸುವ ತೀರ್ಮಾನ ಮಾಡಿತು. ಕಚ್ಚಾವಸ್ತು ಕೊಡುವ ನಾಡು ಬಡವಾಗಿಯೇ ಉಳಿಯುತ್ತದೆ, ಅದನ್ನು ಸಂಸ್ಕರಿಸುವ ನಾಡು ಮುಂದೆ ಹೋಗುತ್ತದೆ ಎಂಬುದನ್ನು ಲ್ಯಾಟಿನ್ ಅಮೆರಿಕದ ರಾವುಲ್ ಪ್ರೆಬಿಷ್ 1950ರ ಹೊತ್ತಿಗೆ ಸಿದ್ಧಾಂತವಾಗಿ ಮಂಡಿಸಿದರು. ನಮ್ಮ ವಿದ್ಯಾರ್ಥಿ ಪ್ರೆಬಿಷ್‌ರ ಹೆಸರನ್ನು ತಪ್ಪು ಕಾಗುಣಿತದಲ್ಲಿ ಬರೆದು ಅಂಕ ಪಡೆಯುತ್ತಾನೆ. ತಾನು ಇಳಿಯುವ ನಿಲ್ದಾಣದಲ್ಲೇ ಆ ಚರ್ಚೆಯ ಇತಿಹಾಸ ನಿಂತಿದೆಯೆಂದು ಅವನಿಗೆ ಗೊತ್ತಿಲ್ಲ.

ಹೆಬ್ಬಾಳಕ್ಕೆ ಬನ್ನಿ. ಇಲ್ಲಿನ ಕೃಷಿ ವಿಶ್ವವಿದ್ಯಾನಿಲಯವನ್ನು 1964ರಲ್ಲಿ ಉದ್ಘಾಟಿಸಿದವರು ಆಗಿನ ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನ್. ಆ ಸಮಾರಂಭದಲ್ಲಿ ಅಮೆರಿಕದ ರಾಯಭಾರಿ ಚೆಸ್ಟರ್ ಬೌಲ್ಸ್ ಕೂಡ ಪಾಲ್ಗೊಂಡಿದ್ದರು. ಅಮೆರಿಕದ ನೆರವಿನ ಯೋಜನೆಯಡಿ ಅಲ್ಲಿನ ಟೆನೆಸ್ಸೀ ವಿಶ್ವವಿದ್ಯಾನಿಲಯವು ಇದಕ್ಕೆ ಸಹಕರಿಸಿತ್ತು. ಅದು ಭಾರತವು ಅಮೆರಿಕದ ಗೋಧಿಯನ್ನು ನೆಚ್ಚಿಕೊಂಡಿದ್ದ ಕಾಲ. ಆ ನೆರವಿನಿಂದ ನಾಡಿಗೆ ಉಪಕಾರವಾಯಿತೇ, ಪರಾವಲಂಬನೆ ಬೆಳೆಯಿತೇ, ಅಥವಾ ಎರಡೂ ಆಯಿತೇ? ಮೂರು ದಶಕಗಳೊಳಗೆ ಇದೇ ನಗರದಲ್ಲಿ, 1992ರ ಡಿಸೆಂಬರ್ 29ರಂದು, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘದ ಕಾರ್ಯಕರ್ತರು ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟರು. ಡಂಕೆಲ್ ಕರಡಿನ ವಿರುದ್ಧ ಅಂದು ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಸಭೆಗಳಲ್ಲಿ ಬೌದ್ಧಿಕ ಆಸ್ತಿಯ ಹಕ್ಕು, ಬೀಜದ ಪೇಟೆಂಟು, ಸಬ್ಸಿಡಿ ಎಲ್ಲವೂ ಕನ್ನಡದಲ್ಲೇ ಚರ್ಚೆಯಾದವು. ಕಡತ ಸುಡುವುದನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಓದುಬರಹ ಬಾರದ ರೈತ ತನ್ನ ಭಾಷೆಯಲ್ಲಿ ಚರ್ಚಿಸಿದ ವಿಷಯವನ್ನು ಸ್ನಾತಕೋತ್ತರ ವಿದ್ಯಾರ್ಥಿಗೆ ಕನ್ನಡದಲ್ಲಿ ಕಲಿಸಲು ಸಾಧ್ಯವಿಲ್ಲವೆಂದು ಪ್ರಾಧ್ಯಾಪಕರು ಹೇಳುವುದನ್ನು ನಾವು ನಂಬಬೇಕೇ?

ಇನ್ನು ವಿಮಾನ ನಿಲ್ದಾಣ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಅದರ ಪಾಲುದಾರರಲ್ಲಿ ಜರ್ಮನಿಯ ಸೀಮೆನ್ಸ್, ಸ್ವಿಟ್ಝರ್ಲೆಂಡಿನ ಜೂರಿಕ್ ವಿಮಾನ ನಿಲ್ದಾಣ ಮತ್ತು ನಮ್ಮ ಎಲ್ ಆಂಡ್ ಟಿ ಇದ್ದವು. ರಾಜ್ಯದ ಸಂಸ್ಥೆಗೂ ಕೇಂದ್ರದ ಪ್ರಾಧಿಕಾರಕ್ಕೂ ತಲಾ ಶೇ. 13ರ ಪಾಲು. ಇಂದು ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ ಕೈಯಲ್ಲಿದೆ. 150 ಕಿಲೋಮೀಟರ್ ಅಂತರದೊಳಗೆ 2033ರ ವರೆಗೆ ಪ್ರತಿಸ್ಪರ್ಧಿ ನಿಲ್ದಾಣ ಬರಬಾರದೆಂಬ ಷರತ್ತು ಒಪ್ಪಂದದಲ್ಲಿದೆ. ಎಚ್.ಎ.ಎಲ್. ನಿಲ್ದಾಣದ ಪ್ರಯಾಣಿಕ ವಿಮಾನಗಳು ನಿಂತುಹೋದದ್ದೂ ಆ ವ್ಯವಸ್ಥೆಯ ಭಾಗವಾಗಿಯೇ. ಮುಕ್ತ ಸ್ಪರ್ಧೆಯ ಹೆಸರಿನಲ್ಲಿ ಬಂದ ಖಾಸಗೀಕರಣವು ಸ್ಪರ್ಧೆಯನ್ನು ತಡೆಯುವ ಒಪ್ಪಂದದೊಂದಿಗೆ ಏಕೆ ಬಂತು? ಅಷ್ಟು ದೊಡ್ಡ ಬಂಡವಾಳ ಹೂಡುವವನಿಗೆ ಅಂಥ ಭರವಸೆ ಬೇಕಿತ್ತೆಂಬ ವಾದವೂ ಇದೆ, ಅದನ್ನು ತಳ್ಳಿಹಾಕಲಾಗದು. ಆದರೆ ಈ ಎರಡು ವಾದಗಳನ್ನು ತೂಗಿ ನೋಡುವ ಒಂದೇ ಒಂದು ಪ್ರಶ್ನೆ ನಮ್ಮ ಪರೀಕ್ಷೆಗಳಲ್ಲಿ ಕಾಣಿಸುವುದಿಲ್ಲ. 'ಬಹುರಾಷ್ಟ್ರೀಯ ಕಂಪೆನಿಗಳ ಗುಣದೋಷಗಳನ್ನು ಪಟ್ಟಿಮಾಡಿರಿ' ಎಂಬಲ್ಲಿಗೆ ಎಲ್ಲವೂ ಮುಗಿಯುತ್ತದೆ.

ಕೊಲ್ಲಿಯ ವಿಷಯವನ್ನು ನಾವು ಬಿಡಲಾರೆವು. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ವಿದೇಶದಲ್ಲಿ ದುಡಿಯುವ ಭಾರತೀಯರು ಮನೆಗೆ ಕಳುಹಿಸಿದ ಹಣ ಸುಮಾರು 12,900 ಕೋಟಿ ಡಾಲರ್, ಜಗತ್ತಿನಲ್ಲೇ ಅತ್ಯಧಿಕ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಅದರ ಶೇ. 27.7 ಭಾಗ ಅಮೆರಿಕದಿಂದ ಬಂದರೆ, ಶೇ. 19.2 ಭಾಗ ಯುಎಇಯಿಂದ ಬಂದಿದೆ. ಮಾನ್ಯತಾ ಟೆಕ್ ಪಾರ್ಕಿನಿಂದ ಅಮೆರಿಕಕ್ಕೆ ಹೋದವನಿಗೂ ಶಿವಾಜಿನಗರದಿಂದ ದಮ್ಮಾಮಿಗೆ ಹೋದವನಿಗೂ ನಿಯಮಗಳು ಬೇರೆ. 1983ರ ವಲಸೆ ಕಾಯಿದೆಯಡಿ ರೂಪುಗೊಂಡ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ತೇರ್ಗಡೆಯಾಗದವನ ಪಾಸ್‌ಪೋರ್ಟಿಗೆ ವಲಸೆ ತಪಾಸಣೆಯ ಗುರುತು ಬೀಳುತ್ತದೆ. ಉದ್ಯೋಗಕ್ಕಾಗಿ ಕೊಲ್ಲಿಗೆ ಹೋಗಲು ಅವನು ಪ್ರತ್ಯೇಕ ಅನುಮತಿ ಪಡೆಯಬೇಕು. ಅಲ್ಲಿ ತಲಪಿದ ಮೇಲೆ ಕಫೀಲನ ಹಂಗು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕವು ಎಚ್-1ಬಿ ವೀಸಾದ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದಾಗ ನಮ್ಮ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಕಣ್ಣೀರು ಹಾಕಿದವು. ಕಫಾಲಾದ ಬಗ್ಗೆ ಆ ಕಣ್ಣೀರು ಎಂದೂ ಬಂದಿಲ್ಲ. ಸರಕು ಮತ್ತು ಬಂಡವಾಳಕ್ಕೆ ಗಡಿಗಳು ತೆರೆದುಕೊಂಡ ಜಗತ್ತಿನಲ್ಲಿ ದುಡಿಯುವ ಮನುಷ್ಯನಿಗೆ ಏಕೆ ತೆರೆದುಕೊಳ್ಳಲಿಲ್ಲ ಎಂಬುದು ಈ ವಿಷಯದ ಹೃದಯದಲ್ಲಿರುವ ಪ್ರಶ್ನೆ. ಮುಸ್ಲಿಮ್ ರಾಷ್ಟ್ರಗಳೆಂಬ ಕಾರಣಕ್ಕೆ ಅಲ್ಲಿನ ಕಾರ್ಮಿಕ ನಿಯಮಗಳನ್ನು ನಾವು ಪ್ರಶ್ನಿಸದೆ ಬಿಟ್ಟರೆ ಅದು ನಮ್ಮ ಆತ್ಮವಂಚನೆ.

ದೇವನಹಳ್ಳಿಯೆಂದರೆ ಟಿಪ್ಪು ಸುಲ್ತಾನರ ಹುಟ್ಟೂರು. ಅವರ ಹೆಸರಿನಲ್ಲಿ ಪ್ರತಿವರ್ಷವೂ ನಾಡಿನಲ್ಲಿ ಜಗಳವಾಗುತ್ತದೆ. ಒಬ್ಬರು ಹಾರ ಹಾಕುತ್ತಾರೆ, ಇನ್ನೊಬ್ಬರು ಮಸಿ ಬಳಿಯುತ್ತಾರೆ. ಅವರು ಮಸ್ಕತ್‌ನಲ್ಲಿ ವ್ಯಾಪಾರ ಕೋಠಿ ತೆರೆದದ್ದು, ಬಂಗಾಳದಿಂದ ರೇಷ್ಮೆಹುಳು ತರಿಸಿದ್ದು, ಗಂಧ ಮತ್ತು ಮೆಣಸಿನ ವ್ಯಾಪಾರವನ್ನು ಸರಕಾರದ ಏಕಸ್ವಾಮ್ಯಕ್ಕೆ ತಂದದ್ದು, ಈಸ್ಟ್ ಇಂಡಿಯಾ ಕಂಪೆನಿಯನ್ನು ರಣರಂಗದಲ್ಲಿ ಮಾತ್ರವಲ್ಲದೆ ಮಾರುಕಟ್ಟೆಯಲ್ಲೂ ಎದುರಿಸಲು ಯತ್ನಿಸಿದ್ದು ಇಬ್ಬರಿಗೂ ಬೇಕಿಲ್ಲ. ಆ ಏಕಸ್ವಾಮ್ಯದಿಂದ ಸ್ಥಳೀಯ ವರ್ತಕರಿಗೆ ಆದ ತೊಂದರೆಯೂ ಚರ್ಚೆಯಾಗಬೇಕು. ಶಿಡ್ಲಘಟ್ಟದ ನೂಲಿನ ಕತೆಯ ಮೊದಲ ಎಳೆ ಅಲ್ಲಿದೆ. ಆದರೆ ಟಿಪ್ಪುವಿನ ಕುರಿತ ಪ್ರಶ್ನೆಯೊಂದು ರಾಜಕೀಯ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಬರಬಹುದೆಂದು ಪ್ರಶ್ನೆ ತಯಾರಿಸುವವರಿಗೆ ಹೊಳೆಯುವುದೇ ಇಲ್ಲ.

ಹಾಗಾದರೆ ಅಡ್ಡಿಯಾಗಿರುವುದು ಏನು? ಕರ್ನಾಟಕದಲ್ಲಿ ಪಠ್ಯಕ್ರಮಗಳು ಬದಲಾಗುತ್ತಿಲ್ಲವೆಂದು ಯಾರೂ ದೂರಲಾರರು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷಗಳ ಪದವಿ ಬಂತು. ಅರವತ್ತು ಅಂಕಗಳ ಲಿಖಿತ ಪರೀಕ್ಷೆ, ನಲವತ್ತು ಅಂಕಗಳ ಆಂತರಿಕ ಮೌಲ್ಯಮಾಪನ ಎಂದಾಯಿತು. 2024-25ರಿಂದ ಮತ್ತೆ ಮೂರು ವರ್ಷಗಳ ಪದವಿ, ಮತ್ತೆ ಹೊಸ ಅಂಕವಿಂಗಡಣೆ. ಪ್ರೊ. ಸುಖದೇವ್ ಥೋರಟ್ ಆಯೋಗವು 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಸಲ್ಲಿಸಿತು. 1991ರಲ್ಲಿ 47 ಟನ್ ಚಿನ್ನವನ್ನು ಇಂಗ್ಲೆಂಡಿಗೆ ಸಾಗಿಸಿ ಒತ್ತೆಯಿಟ್ಟು ದೇಶ ಸಾಲ ಎತ್ತಿದ ದಿನಗಳ ವಿತ್ತ ಸಚಿವ ಡಾ. ಮನಮೋಹನ್ ಸಿಂಗ್ ಅವರ ಹೆಸರನ್ನು ಬೆಂಗಳೂರು ನಗರ ವಿಶ್ವವಿದ್ಯಾನಿಲಯಕ್ಕೆ ಇಡುವುದಾಗಿ 2025ರ ರಾಜ್ಯ ಬಜೆಟ್ ಘೋಷಿಸಿತು. ವರ್ಷಗಳ ಎಣಿಕೆ, ಅಂಕಗಳ ಹಂಚಿಕೆ, ಫಲಕದ ಮೇಲಿನ ಹೆಸರು ಎಲ್ಲವೂ ಬದಲಾಗುತ್ತವೆ. ಅರ್ಥ, ಸ್ವರೂಪ, ವ್ಯಾಪ್ತಿ ಮಾತ್ರ ಕದಲುವುದಿಲ್ಲ. ವಿಪರ್ಯಾಸವೆಂದರೆ ನೀತಿಯ ಬಗ್ಗೆ ಬೀದಿಯಲ್ಲಿ ಕಾದಾಡುವ ಎರಡೂ ಪಕ್ಷಗಳು ಪ್ರಶ್ನೆಪತ್ರಿಕೆಯ ವಿಷಯದಲ್ಲಿ ಸಂಪೂರ್ಣ ಸಹಮತದಲ್ಲಿವೆ.

ಕಾರಣ ಗುಟ್ಟೇನಲ್ಲ. ಸರಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತನ್ನ ಕೆಲಸ ಇರುತ್ತದೋ ಇಲ್ಲವೋ ಎಂದು ತಿಳಿಯದ, ಸೇವಾ ಭದ್ರತೆಗಾಗಿ 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಯಲ್ಲಿ ಕುಳಿತ ಶಿಕ್ಷಕನಿಂದ ಹೊಸ ಪಾಠ, ಹೊಸ ಪ್ರಶ್ನೆ ನಿರೀಕ್ಷಿಸುವುದು ಹೇಗೆ? ಮೌಲ್ಯಮಾಪನ ಕೇಂದ್ರದಲ್ಲಿ ದಿನಕ್ಕಿಷ್ಟು ಉತ್ತರಪತ್ರಿಕೆ ಎಂಬ ಲೆಕ್ಕದಲ್ಲಿ ಕೆಂಪು ಶಾಯಿ ಹರಿಸುವ ಪರೀಕ್ಷಕನಿಗೆ ಒಂದೇ ಬಗೆಯ ಉತ್ತರಗಳೇ ಅನುಕೂಲ. ಸ್ವಂತವಾಗಿ ಯೋಚಿಸಿ ಬರೆದ ಉತ್ತರವನ್ನು ಅವನು ಎರಡು ಬಾರಿ ಓದಬೇಕಾಗುತ್ತದೆ. ಅದಕ್ಕೆ ಅವನಿಗೆ ಸಮಯವಿಲ್ಲ, ಸಂಭಾವನೆಯೂ ಇಲ್ಲ. ಹೀಗೆ ಶಿಕ್ಷಕನ ಅಭದ್ರತೆ, ಪರೀಕ್ಷಕನ ಅವಸರ, ಗೈಡ್ ಪ್ರಕಾಶಕನ ಲಾಭ ಮೂರೂ ಸೇರಿ ಒಂದು ಪುಟ್ಟ ರಾಜಕೀಯ ಅರ್ಥಶಾಸ್ತ್ರವನ್ನು ಸೃಷ್ಟಿಸಿವೆ. ಯಾರಿಗೆ ಲಾಭ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಆರಂಭಿಸಬಹುದು.

ಆಂತರಿಕ ಮೌಲ್ಯಮಾಪನ ಇದಕ್ಕೆ ಪರಿಹಾರವಾಗಬಹುದಿತ್ತು. ಆದರೆ ಅದು 'ಅಸೈನ್‌ಮೆಂಟ್' ಎಂಬ ನಕಲು ಬರಹವಾಗಿ ಹೋಯಿತು. ಹಿಂದೆ ಹಿರಿಯ ವಿದ್ಯಾರ್ಥಿಯ ಪುಸ್ತಕ ನೋಡಿ ಬರೆಯುತ್ತಿದ್ದರು. ಈಗ ಚಾಟ್‌ಜಿಪಿಟಿ ಬರೆದುಕೊಡುತ್ತದೆ. ಯಂತ್ರವು ಅರ್ಥ, ಸ್ವರೂಪ, ವ್ಯಾಪ್ತಿಯನ್ನು ನಮ್ಮ ವಿದ್ಯಾರ್ಥಿಗಿಂತ ಚೆನ್ನಾಗಿ ಬರೆಯುತ್ತದೆಂದು ಕೆಲವು ಪ್ರಾಧ್ಯಾಪಕರು ಈಗ ಗಾಬರಿಗೊಂಡಿದ್ದಾರೆ. ಯಂತ್ರಕ್ಕೆ ಸುಲಭವಾದುದನ್ನೇ ನೀವು ಇಷ್ಟು ವರ್ಷ ಮನುಷ್ಯರಿಂದ ಕೇಳುತ್ತಿದ್ದಿರಲ್ಲ, ಆಗ ಏಕೆ ಗಾಬರಿಯಾಗಲಿಲ್ಲ?

ನಮ್ಮ ವಾದಕ್ಕೆ ಎರಡು ಆಕ್ಷೇಪಗಳಿವೆ. ಸಿದ್ಧಾಂತವನ್ನು ಬಿಟ್ಟು ಈರುಳ್ಳಿ, ರೇಷ್ಮೆ ಎಂದರೆ ವಿಶ್ವವಿದ್ಯಾನಿಲಯವು ಸಂತೆಯಾಗುವುದಿಲ್ಲವೇ ಎಂಬುದು ಮೊದಲನೆಯದು. ಸಿದ್ಧಾಂತ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಸ್ಮಿತ್, ರಿಕಾರ್ಡೋ, ಮಾರ್ಕ್ಸ್, ಭಾರತದ ಸಂಪತ್ತು ಬ್ರಿಟನ್ನಿಗೆ ಸೋರಿಹೋಗುತ್ತಿದೆಯೆಂದು ಲೆಕ್ಕಹಾಕಿ ತೋರಿಸಿದ ದಾದಾಭಾಯಿ ನವರೋಜಿ, ಮಾನವ ಅಭಿವೃದ್ಧಿ ಸೂಚ್ಯಂಕವನ್ನು 1990ರಲ್ಲಿ ಜಗತ್ತಿಗೆ ಕೊಟ್ಟ ಮಹಬೂಬುಲ್ ಹಕ್, ತೆರಿಗೆ ಅತಿಯಾದರೆ ದುಡಿಮೆ ಕುಗ್ಗಿ ಬೊಕ್ಕಸವೇ ಬರಿದಾಗುತ್ತದೆಂದು ಹದಿನಾಲ್ಕನೆಯ ಶತಮಾನದಲ್ಲೇ ಬರೆದ ಇಬ್ನ್ ಖಲ್ದೂನ್ ಎಲ್ಲರೂ ಇರಲಿ. ಆದರೆ ಸಿದ್ಧಾಂತವು ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕ. ಕನ್ನಡಕವನ್ನು ವರ್ಣಿಸಲು ಹೇಳಿ ಅಂಕ ಕೊಡುವುದು ಬೇಡ. ಅದನ್ನು ಹಾಕಿಕೊಂಡು ಏನು ಕಾಣಿಸಿತು ಎಂದು ಕೇಳಿ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಇಂಥ ಪ್ರಶ್ನೆಗಳಿಗೆ ಶಿಕ್ಷಕನ ರಾಜಕೀಯಕ್ಕೆ ಒಪ್ಪುವ ಉತ್ತರ ಬರೆದವನಿಗೆ ಅಂಕ, ಒಪ್ಪದವನಿಗೆ ಸೊನ್ನೆ ಎಂದಾಗುವುದಿಲ್ಲವೇ? ಆಗಬಹುದು. ಈ ಅಪಾಯದಲ್ಲಿ ನಮ್ಮಂತಹ ಪತ್ರಿಕೆಗಳ ಪಾಲೂ ಇದೆಯೆಂದು ಒಪ್ಪಿಕೊಳ್ಳುತ್ತೇವೆ. ವಿಶ್ವಬ್ಯಾಂಕ್ ಎಂದೊಡನೆ ಪಿತೂರಿ, ಅಮೆರಿಕ ಎಂದೊಡನೆ ಸಾಮ್ರಾಜ್ಯಶಾಹಿ ಎಂದು ಬರೆದು ಮುಗಿಸುವುದು ನಮಗೂ ಸುಲಭವಾಗಿ ಬಂದಿದೆ. ಘೋಷಣೆಯೂ ಒಂದು ಬಗೆಯ ಗೈಡೇ. ಆದ್ದರಿಂದ ನಿಯಮ ಸ್ಪಷ್ಟವಿರಲಿ: ಅಂಕವು ತೀರ್ಮಾನಕ್ಕಲ್ಲ, ಆ ತೀರ್ಮಾನಕ್ಕೆ ತಲಪಿದ ದಾರಿಗೆ. ಸುಂಕ ಬೇಡವೆಂದು ಸಕಾರಣವಾಗಿ ವಾದಿಸಿದವನಿಗೂ ಬೇಕೆಂದು ವಾದಿಸಿದವನಿಗೂ ಸಮಾನ ಅಂಕ ಸಿಗಬೇಕು. ಎದುರಾಳಿಯ ವಾದವನ್ನು ಪ್ರಾಮಾಣಿಕವಾಗಿ ಹೇಳಲಾರದವನಿಗೆ, ಅವನು ನಮ್ಮ ಪಕ್ಷದವನಾದರೂ, ಅಂಕ ಕಡಿತವಾಗಬೇಕು. ನ್ಯಾಯವೆಂದರೆ ಅದು.

ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಒಂದು, ಲಿಖಿತ ಪರೀಕ್ಷೆಯ ಅರ್ಧದಷ್ಟು ಅಂಕಗಳು ವಿದ್ಯಾರ್ಥಿ ಹಿಂದೆ ನೋಡಿರದ ಸಾಮಗ್ರಿಯ ಮೇಲಿರಲಿ: ಒಂದು ಸುಂಕ ಅಧಿಸೂಚನೆ, ಒಂದು ಕೋಷ್ಟಕ, ಒಂದು ಒಪ್ಪಂದದ ಕಲಮು. 2025ರ ಆಗಸ್ಟ್ 27ರಿಂದ ಅಮೆರಿಕವು ಭಾರತದ ಬಹಳಷ್ಟು ಸರಕುಗಳ ಮೇಲೆ ಶೇ. 50ರ ಸುಂಕ ಹೇರಿದಾಗ ಪೀಣ್ಯದ ಹೊಲಿಗೆ ಯಂತ್ರಗಳಿಗೂ ರಷ್ಯದ ತೈಲಕ್ಕೂ ಏನು ಸಂಬಂಧವೆಂದು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿ ನಮಗೆ ಬೇಕು. ಎರಡು, ಆಂತರಿಕ ಅಂಕಗಳು ಒಂದು ಸರಕಿನ ಅಥವಾ ಒಂದು ದುಡಿಮೆಯ ಜಾಡು ಹಿಡಿದು ವಿದ್ಯಾರ್ಥಿಯೇ ಹೋಗಿ ನೋಡಿ ಬಂದುದಕ್ಕಿರಲಿ. ಬರೆದು ತಂದುದನ್ನು ಹತ್ತು ನಿಮಿಷ ಶಿಕ್ಷಕರ ಎದುರು ಕುಳಿತು ಬಾಯಿಮಾತಿನಲ್ಲಿ ಸಮರ್ಥಿಸಲಿ. ಯಂತ್ರ ಬರೆದದ್ದೋ ಸ್ವಂತದ್ದೋ ಆಗ ತಿಳಿಯುತ್ತದೆ. ಮೂರು, ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳು ಈ ವಿಷಯದಲ್ಲಿ ಗೈಡಲ್ಲದ ಒಂದು ಒಳ್ಳೆಯ ಕನ್ನಡ ಪುಸ್ತಕವನ್ನು ತರಲಿ. ನಾಲ್ಕು, ಅತಿಥಿ ಉಪನ್ಯಾಸಕರಿಗೆ ಸೇವಾ ಭದ್ರತೆಯೂ ಪರೀಕ್ಷಕರಿಗೆ ಓದಲು ಬೇಕಾದ ಸಮಯವೂ ಸಿಗಲಿ. ಈ ನಾಲ್ಕನೆಯದಿಲ್ಲದೆ ಮೊದಲ ಮೂರು ಕಾಗದದಲ್ಲೇ ಉಳಿಯುತ್ತವೆ.

ಕೊನೆಯದಾಗಿ ನಮ್ಮವರಿಗೊಂದು ಮಾತು. ಮಗ ಇಂಜಿನಿಯರಾದರೆ ಮಿಠಾಯಿ ಹಂಚುತ್ತೇವೆ. ಮಗಳು ಬಿ.ಎ.ಗೆ ಸೇರಿದರೆ 'ಮದುವೆಯ ತನಕ ಓದಲಿ ಬಿಡಿ' ಎನ್ನುತ್ತೇವೆ. ನಮ್ಮ ಸಂಘ ಸಂಸ್ಥೆಗಳ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಸಮಾಜ ವಿಜ್ಞಾನದ ವಿದ್ಯಾರ್ಥಿ ಕೊನೆಯ ಸಾಲಿನಲ್ಲಿರುತ್ತಾನೆ. ರೇಷ್ಮೆಯ ಸುಂಕ ಇಳಿದಾಗ ಶಿಡ್ಲಘಟ್ಟದ ರೀಲರುಗಳ ಪರವಾಗಿ ಅಂಕಿ ಅಂಶಗಳೊಂದಿಗೆ ದೆಹಲಿಗೆ ಒಂದು ಮನವಿ ಬರೆಯಬಲ್ಲವರು ನಮ್ಮಲ್ಲಿ ಎಷ್ಟು ಮಂದಿಯಿದ್ದರು? ಏಜೆಂಟನೊಬ್ಬ ಕೊಲ್ಲಿಯ ಕರಾರು ಪತ್ರ ಮುಂದಿಟ್ಟಾಗ ಅದನ್ನು ಓದಿ, ಇದಕ್ಕೆ ಸಹಿ ಹಾಕಬೇಡ ಎನ್ನಬಲ್ಲವರು ಒಂದು ಮೊಹಲ್ಲಾಕ್ಕೆ ಎಷ್ಟು ಮಂದಿಯಿದ್ದಾರೆ? ವೈದ್ಯರು ನಮ್ಮ ರೋಗ ಗುಣಪಡಿಸುತ್ತಾರೆ. ನಮ್ಮ ಕಸುಬನ್ನು ಕೊಲ್ಲುವ ಒಂದು ಸಾಲನ್ನು ಬಜೆಟ್ ಪುಸ್ತಕದಲ್ಲಿ ಗುರುತಿಸಬಲ್ಲವರು ಬೇರೆಯೇ ವಿದ್ಯೆ ಕಲಿತವರಾಗಿರಬೇಕು.

ಆರ್.ಟಿ. ನಗರದ ಆ ವಿದ್ಯಾರ್ಥಿನಿ ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಪರೀಕ್ಷೆಗೆ ಕೂರುತ್ತಾಳೆ. ಪ್ರಶ್ನೆಪತ್ರಿಕೆ ತಯಾರಿಸುವವರು ಈಗಲೂ ಮನಸ್ಸು ಮಾಡಬಹುದು. 'ನಿಮ್ಮ ಮನೆಯವರ ದುಡಿಮೆಯನ್ನು ಬೇರೊಂದು ದೇಶದ ಯಾವ ತೀರ್ಮಾನ ಬದಲಿಸಿದೆ? ಅದರಿಂದ ಲಾಭ ಪಡೆದವರು ಯಾರು, ಬೆಲೆ ತೆತ್ತವರು ಯಾರು, ಆ ನಿಯಮ ಬರೆದವರು ಯಾರು? ನೀವು ಓದಿದ ಯಾವುದಾದರೂ ಎರಡು ಸಿದ್ಧಾಂತಗಳ ನೆರವಿನಿಂದ ವಿವರಿಸಿರಿ.' ಇದಕ್ಕೂ ಹದಿನೈದೇ ಅಂಕ ಕೊಡಿ, ಅಭ್ಯಂತರವಿಲ್ಲ. ಅವಳು ಆ ದಿನ ಮನೆಗೆ ಹೋಗಿ ಚಿಕ್ಕಪ್ಪನಿಗೆ ಫೋನು ಮಾಡುವಳು, ಅಜ್ಜನ ಬಳಿ ಕುಳಿತು ಗೂಡಿನ ಬೆಲೆಯ ಲೆಕ್ಕ ಕೇಳುವಳು. ವಿಶ್ವವಿದ್ಯಾನಿಲಯವು ಒಂದು ಮನೆಯನ್ನು ಮುಟ್ಟುವುದೆಂದರೆ ಇದೇ ಎಂದು ನಾವು ನಂಬಿದ್ದೇವೆ.